ನಡುತೊಲೆ

1979ರ ಮೇ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಅಪ್ಪ ನಮ್ಮೂರ ಪ್ರಾಥಮಿಕ ಶಾಲೆಯ ಹೊಸ ಕೊಠಡಿಯ ಮೇಲೆ ಹತ್ತಿ ಒಬ್ಬನೇ ಹೆಂಚು ಇಳಿಸತೊಡಗಿದ. ಆ ಹೆಂಚು ಹೊದಿಸಿ ಇನ್ನೂ ವಾರ ತುಂಬಿರಲಿಲ್ಲ. ಊರವರನ್ನು ಸೇರಿಸಿ ಆ ಕೊಠಡಿ ಕಟ್ಟಿಸಿದವನೂ ಅವನೇ. ಶಾಲೆ ತೆರೆದ ಮೇಲೆ ಅದರ ಕೆಳಗೆ ಕೂರಬೇಕಾಗಿದ್ದ ಮಕ್ಕಳಲ್ಲಿ ನಾನೂ ಇದ್ದೆ. ಆಗ ನನಗೆ ಎಂಟು ವರ್ಷ.

ನಮ್ಮೂರು ತಿಪಟೂರಿನಿಂದ ನೊಣವಿನಕೆರೆಗೆ ಹೋಗುವ ಬಸ್ಸಿನ ದಾರಿಯಿಂದ ತೋಟಗಳ ನಡುವೆ ಒಳಕ್ಕೆ ಸರಿದ ಸಣ್ಣ ಊರು. ನಮ್ಮ ಮನೆಯ ಕೆಳಗಿನ ಅರ್ಧ ನಮ್ಮದು, ಮೇಲಿನ ಅರ್ಧ ತೆಂಗಿನಕಾಯಿಗಳದ್ದು. ಅಟ್ಟದ ಮೇಲೆ ಅವು ವರ್ಷವಿಡೀ ಬಿದ್ದಿರುತ್ತಿದ್ದವು. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನುವವರೆಗೆ ಅವನ್ನು ಯಾರೂ ಮುಟ್ಟುವಂತಿರಲಿಲ್ಲ. ನಾವು ಉಣ್ಣುವುದು, ಓದುವುದು, ಜಗಳವಾಡುವುದು, ಮಲಗುವುದು ಎಲ್ಲ ಅವುಗಳ ಕೆಳಗೆ. ಅಡುಗೆಮನೆಯ ಹೊಗೆ ಅಟ್ಟಕ್ಕೆ ಏರಿ, ಕಾಯಿಗಳ ನಡುವೆ ನುಸುಳಿ, ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಅಜ್ಜಿ ಗೌರಮ್ಮನ ಜಾಗ ನಡುಮನೆಯ ಕಂಬದ ಬುಡ. ಅಮ್ಮನದು ಒಲೆಯ ಮುಂದೆ. ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ ಪೆನ್ಷನ್ ಪಡೆದು ಊರಿಗೆ ಬಂದ ಅಪ್ಪ ಪಡಸಾಲೆಯ ಒಂದು ಮೂಲೆ ಹಿಡಿದ. ಅಲ್ಲಿ ಕಪ್ಪು ಟ್ರಂಕು, ಅದರ ಮೇಲೆ ನಾಲ್ಕು ಮೂಲೆ ಸಮವಾಗಿ ಮಡಿಸಿದ ಕಂಬಳಿ, ಕಂಬಳಿಯ ಮೇಲೆ ಎನಾಮೆಲ್ ಮಗ್ಗು. ಸಿದ್ರಾಮಪ್ಪ ಎಂಬ ಅವನ ಹೆಸರಿಗೆ ಊರು ಮುಂದೆ ‘ಮಿಲ್ಟ್ರಿ’ ಸೇರಿಸಿತು. ಯುದ್ಧದ ಕಥೆ ಕೇಳಲು ಬಂದವರಿಗೆ ಅವನು ಆ ಮಗ್ಗಿನಲ್ಲಿ ಕಾಫಿ ಕೊಟ್ಟು, ಮಳೆಬೆಳೆಯ ವಿಚಾರ ಮಾತಾಡಿ ಕಳಿಸುತ್ತಿದ್ದ.

ಸೈನ್ಯದಿಂದ ಅವನು ಮನೆಗೆ ತಂದದ್ದರಲ್ಲಿ ನಮಗೆಲ್ಲ ದಕ್ಕಿದ್ದು ಒಂದು ಮಾತು. ಕವಾಯತಿನಲ್ಲಿ ಯಾರಾದರೂ ತಪ್ಪು ಹೆಜ್ಜೆ ಹಾಕಿದರೆ ‘ಜೈಸೇ ಥೇ’ ಎಂದು ಕೂಗುತ್ತಾರಂತೆ. ಹೇಗಿದ್ದಿರೋ ಹಾಗೆ ಹಿಂದಕ್ಕೆ ನಿಂತು ಮೊದಲಿನಿಂದ ಶುರುಮಾಡಿ ಎಂದು ಅರ್ಥ. ಆ ಮಾತಿನ ನಿಜರೂಪ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ, ಪತ್ರಿಕೆಯ ಕೆಲಸದ ಮೇಲೆ ಒಂದು ಕವಾಯತು ಮೈದಾನಕ್ಕೆ ಹೋದಾಗ. ಅಲ್ಲಿಯವರೆಗೆ ನಾನು, ಅಮ್ಮ, ಅಜ್ಜಿ, ಇಡೀ ಊರು ಅದನ್ನು ‘ಜೈ ಸೀತೆ’ ಎಂದೇ ಕೇಳಿಸಿಕೊಂಡಿದ್ದೆವು. ಅಪ್ಪ ಹಾಗೆ ಅಂದಾಗಲೆಲ್ಲ ಅಜ್ಜಿ ಕೈ ಮುಗಿಯುತ್ತಿದ್ದಳು.

“ಮಿಲ್ಟ್ರಿಗೋಗಿ ನನ್ನ ಮಗ ಏನೂ ಕೆಟ್ಟಿಲ್ಲ ಕಣ್ರೇ” ಎಂದು ಜಗಲಿಯ ಮೇಲೆ ಕೂತ ಹೆಂಗಸರಿಗೆ ಹೇಳುತ್ತಿದ್ದಳು. “ತಪ್ಪಾದಾಗೆಲ್ಲ ಸೀತಮ್ಮನ್ನ ನೆನೀತಾನೆ.”

ಅಪ್ಪನಿಗೆ ಇದು ಗೊತ್ತಿತ್ತು. ಅವನು ತಿದ್ದಲಿಲ್ಲ. ಮನೆಯಲ್ಲಿ ಆ ಮಾತಿಗೆ ಇದ್ದ ಬಲ ಬೇರೆ ಯಾವುದಕ್ಕೂ ಇರಲಿಲ್ಲ. ಅದು ಕಿವಿಗೆ ಬಿದ್ದರೆ ತಪ್ಪಿದವರು ಎದ್ದು ಹೋಗಿ, ಬಂದು, ಮೊದಲಿನಿಂದ ಶುರುಮಾಡಬೇಕು. ಒಂದು ಮಧ್ಯಾಹ್ನ ಹುರುಳಿಕಾಳಿನ ಬಸ್ಸಾರು ಬಾಯಿಗಿಟ್ಟ ಅಜ್ಜಿ ತಟ್ಟೆ ಸರಿಸಿದಳು.

“ಉಪ್ಪು ನಿಮ್ಮಪ್ಪನ ಮನೆಯಿಂದ ಬರಬೇಕಾಗಿತ್ತೇನೇ?”

“ನಮ್ಮಪ್ಪನ ಮನೇಲಿ ಉಪ್ಪು ಬೇಕಾದಷ್ಟೈತೆ ಬುಡಿ. ಈ ಮನೆಗೆ ಬರೋದ್ರೊಳಗೆ ಕರಗೋಯ್ತದೆ” ಎಂದಳು ಅಮ್ಮ.

“ಜೈಸೇ ಥೇ” ಎಂದ ಅಪ್ಪ, ಮುದ್ದೆ ಮುರಿಯುತ್ತಲೇ.

ಅಜ್ಜಿ ಗೊಣಗುತ್ತ ಎದ್ದಳು. ಹೊಸ್ತಿಲಾಚೆ ಹೋಗಿ ನಿಂತು, ಮತ್ತೆ ಒಳಗೆ ಬಂದು ಕೂತು, ಮತ್ತೆ ಒಂದು ತುತ್ತು ಬಾಯಿಗಿಟ್ಟಳು.

“ಸಾರು ಚೆನ್ನಾಗೈತೆ ಕಣೇ. ಒಂಚೂರು ಉಪ್ಪು ಬಿದ್ರೆ ಇನ್ನೂ ಚೆನ್ನಾಗಿರ್ತೈತೆ.”

“ಹಾಕ್ತೀನಿ ಬುಡತ್ತೆ.”

ಅಪ್ಪ ತಲೆ ಎತ್ತಲಿಲ್ಲ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದನ್ನು ನಾನು ನೋಡಿದೆ. ಊರಿನಲ್ಲೂ ಆ ಮಾತು ಹರಡಿತ್ತು. ಗಾಡಿ ಕೊರಕಲಿಗೆ ಇಳಿದರೆ, ನಾಟಕದ ಹುಡುಗ ಮಾತು ಮರೆತರೆ, ಸೊಸೆಯನ್ನು ಸಿಟ್ಟಿನಲ್ಲಿ ತವರಿಗೆ ಕಳಿಸಿದವರು ವಾಪಸು ಕರೆತರಲು ಹೊರಟರೆ, ಜನ ‘ಜೈಸೀತೆ ಅನ್ನಪ್ಪ’ ಎನ್ನುತ್ತಿದ್ದರು.

ಭಾನುವಾರ ಬೆಳಿಗ್ಗೆ ಅಪ್ಪ ಅರಳಿಕಟ್ಟೆಯ ಹತ್ತಿರ ಗುದ್ದಲಿ ಹಿಡಿದು ನಿಲ್ಲುತ್ತಿದ್ದ. ಯಾರನ್ನೂ ಕರೆಯುತ್ತಿರಲಿಲ್ಲ. ಮೊದಲು ಇಬ್ಬರು ಮೂವರು ಬಂದರು, ಆಮೇಲೆ ಇಪ್ಪತ್ತು ಜನರಾದರು. ಕುಡಿಯುವ ನೀರಿನ ಬಾವಿಯ ಕೆಸರು ಎತ್ತಿದರು, ಗಾಡಿದಾರಿಯ ಗುಂಡಿ ಮುಚ್ಚಿದರು, ಹೊರಲು ಜನವಿಲ್ಲದ ಮನೆಯ ಹೆಣಕ್ಕೆ ಹೆಗಲು ಕೊಟ್ಟರು. ಹೆರಿಗೆ ಕಷ್ಟವಾದ ಹೆಂಗಸರನ್ನು ಮಂಚದ ಸಮೇತ ಬಸ್ಸಿನ ದಾರಿಗೆ ಹೊತ್ತು ತಿಪಟೂರಿನ ಆಸ್ಪತ್ರೆಗೆ ತಲುಪಿಸಿದರು. ಕೆಲಸ ಮಾಡಿದ ಮನೆಯಲ್ಲಿ ನೀರು ಬಿಟ್ಟು ಬೇರೇನೂ ಮುಟ್ಟಬಾರದು ಎಂಬುದು ಅಪ್ಪನ ಕಟ್ಟಳೆ. ಸಂಬಳವಿಲ್ಲದ ದುಡಿಮೆಗೆ ನಮ್ಮೂರಲ್ಲಿ ‘ಮಿಲ್ಟ್ರಿ ಕೂಲಿ’ ಎಂದೇ ಹೆಸರಾಯಿತು. ಮೊದಲು ಅದು ಗೇಲಿಯಾಗಿತ್ತು.

ಶಾಲೆಗೆ ಇದ್ದದ್ದು ಒಂದೇ ಕೊಠಡಿ, ಒಬ್ಬರೇ ಮೇಷ್ಟರು. ಸಣ್ಣ ತರಗತಿಗಳು ಗುಡಿಯ ಜಗಲಿಯ ಮೇಲೆ ಕೂರುತ್ತಿದ್ದವು, ಪೂಜೆಯ ದಿನ ರಜೆ. ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಇನ್ನೊಂದು ಕೊಠಡಿ ಎದ್ದರೆ ಎರಡನೇ ಮೇಷ್ಟರನ್ನು ಕೊಡುತ್ತೇವೆ, ಇಲ್ಲದಿದ್ದರೆ ಆ ಜಾಗ ಬೇರೆ ಊರಿಗೆ ಹೋಗುತ್ತದೆ ಎಂದು ಮೇಲಿನವರು ಹೇಳಿದ್ದರು. ಅಪ್ಪ ಆ ಬೇಸಿಗೆ ಪೂರ್ತಿ ಮನೆಯಲ್ಲಿ ಕೂರಲಿಲ್ಲ. ಗೋಡೆಯ ಕಲ್ಲು ಕೆಲವರು ಕೊಟ್ಟರು, ಮಣ್ಣು ತುಳಿಯಲು ಕೆಲವರು ಬಂದರು, ಹೆಂಚಿಗೆ ಊರೆಲ್ಲ ಚಂದಾ ಹಾಕಿತು. ಸೂರಿನ ತೊಲೆಗೆ ಮಾತ್ರ ತೋಟದ ಮರವೇ ಆಗಬೇಕಿತ್ತು. ಇಲ್ಲಿ ನಮ್ಮ ಸೀಮೆಯ ನಡತೆಯೊಂದನ್ನು ಹೇಳಬೇಕು. ಕಾಯಿ ಬಿಡುತ್ತಿರುವ ತೆಂಗಿನ ಮರಕ್ಕೆ ನಮ್ಮವರು ಕೊಡಲಿ ಹಾಕುವುದಿಲ್ಲ. ಮನೆ ಕಟ್ಟುವವರೂ ತಲೆ ಒಣಗಿದ್ದನ್ನೋ, ಗೊಡ್ಡಾದದ್ದನ್ನೋ ಹುಡುಕುತ್ತಾರೆ. ಶಾಲೆಗೆ ಬಂದ ಮರಗಳೂ ಅಂಥವೇ. ಉದ್ದದ ನಡುತೊಲೆಗೆ ಪಂಚಾಯಿತಿ ಚೇರ್ಮನ್ ರಂಗಪ್ಪ ತನ್ನ ತೋಟದ ಸಿಡಿಲು ಬಡಿದ ಮರ ಕೊಟ್ಟ. ಸಿಡಿಲು ಕುಡಿದ ಮರ ಉಕ್ಕಿನ ಹಾಗೆ ಎಂದ. ಬಡಗಿ ಚನ್ನಾಚಾರಿ ಅದನ್ನು ಕೆತ್ತಿದ, ಮಿಲ್ಟ್ರಿ ಕೂಲಿಯವರು ಎತ್ತಿ ಕೂರಿಸಿದರು, ಅದರ ಎರಡೂ ಕಡೆಗೆ ಜಂತೆ ಇಳಿದವು, ಹೆಂಚು ಕೂತಿತು. ತಾಲ್ಲೂಕಿನ ದೊಡ್ಡವರು ಬಂದು ಬಾಗಿಲು ತೆರೆಯುವ ದಿನ ಗೊತ್ತಾಯಿತು.

ಆ ಭಾನುವಾರ ಅಪ್ಪ ಕೊಠಡಿಯೊಳಗೆ ಹೋದಾಗ ನಾನು ಅವನ ಜೊತೆ ಇದ್ದೆ. ಗುಡಿಸಿದ್ದ ನೆಲದ ಮಧ್ಯೆ ರಾಗಿಹಿಟ್ಟಿನಂಥ ಪುಡಿ ಬಿದ್ದಿತ್ತು. ಅಪ್ಪ ಅದನ್ನು ಬೆರಳಲ್ಲಿ ಮುಟ್ಟಿ ನೋಡಿದ, ತಲೆ ಎತ್ತಿ ನೋಡಿದ. ಏಣಿ ತಂದು ಹತ್ತಿ, ಅಜ್ಜಿ ಕಾಯಿ ತಟ್ಟಿ ನೋಡುವ ಹಾಗೆ ತೊಲೆಯನ್ನು ಗೆಣ್ಣಿನಿಂದ ತಟ್ಟುತ್ತ ಬಂದ. ಎರಡು ತುದಿಗಳಲ್ಲಿ ಕಲ್ಲಿನ ಸದ್ದು ಬಂತು. ನಡುವೆ ಡೊಳ್ಳಿನ ಸದ್ದು. ಚನ್ನಾಚಾರಿಯನ್ನು ಕರೆಸಿದ. ಆಚಾರಿ ಉಳಿ ಇಟ್ಟು ಹೊಡೆದ. ಉಳಿ ಹಿಡಿಯವರೆಗೂ ಒಳಗೆ ಹೋಯಿತು.

“ನನ್ನ ಕಣ್ಣಿಗೆ ಬೀಳ್ಲಿಲ್ಲ ಕಣಣ್ಣ” ಎಂದ ಆಚಾರಿ. “ಆದ್ರೂ ಸುತ್ತ ಗಟ್ಟಿ ಐತೆ. ಹತ್ತು ವರ್ಷ ಏನೂ ಆಗಲ್ಲ.”

“ಹನ್ನೊಂದನೇ ವರ್ಷ ಇದರ ಕೆಳಗೆ ಯಾರು ಕೂತಿರ್ತಾರೆ ಆಚಾರಿ?”

ಚನ್ನಾಚಾರಿ ಉಳಿ ಎಳೆದುಕೊಂಡ. ಅಪ್ಪ ಅಂಗಿ ಬಿಚ್ಚಿ ಕಿಟಕಿಯ ಮೇಲೆ ಹಾಕಿ ಸೂರು ಹತ್ತಿದ. ಎದೆಗೆ ಆನಿಸಿಕೊಳ್ಳುವಷ್ಟು ಹೆಂಚು ಜೋಡಿಸಿಕೊಂಡು ಏಣಿ ಇಳಿದು, ಗೋಡೆಗೆ ಒರಗಿಸಿ, ಮತ್ತೆ ಹತ್ತಿದ. ಸುದ್ದಿ ಹಬ್ಬಿ ಜನ ಸೇರಿದರು. ಚೇರ್ಮನ್ ರಂಗಪ್ಪ ಟವೆಲ್ ಕೊಡವುತ್ತ ಬಂದ. ಅವನೂ ಅಪ್ಪನೂ ಒಂದೇ ಬೆಂಚಿನಲ್ಲಿ ಓದಿದವರು.

“ಲೇ ಸಿದ್ರಾಮ, ತಲೆ ಸರಿಗೈತೇನ್ಲಾ? ದೊಡ್ಡೋರು ಬರೋ ದಿನ ಗೊತ್ತಾಗೈತೆ. ಈಗ ಸೂರು ಬಿಚ್ಚಿದ್ರೆ ನಾನು ಏನಂತ ಮುಖ ತೋರಿಸ್ಲಿ?”

“ತೊಲೆ ಟೊಳ್ಳು ಐತೆ ರಂಗ.”

“ನಾನು ಕೊಟ್ಟ ಮರ ಅಂತ ಊರ ಮುಂದೆ ತೋರಿಸ್ತಿದ್ದೀಯ. ಗೊತ್ತು ಬುಡು ನನಗೆ.”

ಅಪ್ಪ ಮೇಲಿನಿಂದಲೇ ಅವನ ಕಡೆ ತಿರುಗಿದ. ಎಲ್ಲರಿಗೂ ಕೇಳುವಂತೆ, ಆದರೆ ಕೂಗದೆ ಮಾತಾಡಿದ.

“ಮರ ನಿಂದು. ತಟ್ಟಿ ನೋಡದೆ ಎತ್ತಿ ಕೂರ್ಸಿದ್ದು ನಾನು. ತಪ್ಪು ಕೂರ್ಸಿದೋನ್ದು, ಕೊಟ್ಟೋನ್ದಲ್ಲ.” ಮತ್ತೊಂದು ಹೆಂಚು ಎತ್ತುತ್ತ ಹೇಳಿದ, “ಜೈಸೇ ಥೇ.”

ಆ ಮಾತನ್ನು ಅವನು ತನಗೇ ಹೇಳಿಕೊಂಡದ್ದನ್ನು ಊರು ಅಂದು ಮೊದಲ ಸಲ ಕೇಳಿತು. ಆದರೂ ಯಾರೂ ಕದಲಲಿಲ್ಲ. ಬೇಸಿಗೆ ಪೂರ್ತಿ ಬೆವರು ಸುರಿಸಿದ್ದು ಅವರು, ಬಾಗಿಲು ತೆರೆಯುವ ದಿನಕ್ಕೆ ಹೊಸ ಬಟ್ಟೆ ಹೊಲಿಸಿಕೊಂಡದ್ದೂ ಅವರೇ. ಅಪ್ಪ ಇಳಿದು ಹತ್ತಿ ಮಾಡುತ್ತಲೇ ಇದ್ದ. ಅವನ ಎದೆಯ ಮೇಲೆ ಹೆಂಚಿನ ಕೆಂಪು ಧೂಳು ಬೆವರಿನಲ್ಲಿ ಗೆರೆಗೆರೆಯಾಗಿ ಇಳಿಯುತ್ತಿತ್ತು. ಅಮ್ಮ ಕುಡಿಯುವ ನೀರಿನ ತಂಬಿಗೆ ಹಿಡಿದು ಬಂದವಳು ಜನರನ್ನು ನೋಡಿದಳು, ಸೂರನ್ನು ನೋಡಿದಳು. ತಂಬಿಗೆಯನ್ನು ನನ್ನ ಕೈಗೆ ಕೊಟ್ಟು, ಸೆರಗು ಬಿಗಿದು, ಏಣಿಯ ಕೆಳಗೆ ಎರಡು ಕೈ ಎತ್ತಿ ನಿಂತಳು. ಅಪ್ಪ ಇಳಿಯುವುದನ್ನು ಬಿಟ್ಟು ಹೆಂಚನ್ನು ಅವಳ ಕೈಗೆ ಕೊಡತೊಡಗಿದ. ಆಮೇಲೆ ಚನ್ನಾಚಾರಿ ಬಂದು ಅವಳ ಹಿಂದೆ ನಿಂತ. ಅವನ ಹಿಂದೆ ಇನ್ನೊಬ್ಬ. ಹೊತ್ತು ಇಳಿಯುವುದರೊಳಗೆ ಕೊಠಡಿಯ ಮೇಲೆ ಬರೀ ಆಕಾಶ ಉಳಿದಿತ್ತು.

ಸೂರು ಬಿಚ್ಚುವುದು ಸುಲಭವಿತ್ತು, ಬೇರೆ ತೊಲೆ ತರುವುದು ಕಷ್ಟವಾಯಿತು. ಚಂದಾ ಪೂರ್ತಿ ಹೆಂಚಿಗೆ ಮುಗಿದಿತ್ತು. ಅಷ್ಟುದ್ದದ, ನೆಟ್ಟಗಿರುವ, ಬಲಿತ ಮರ ಬೇಕಿದ್ದರೆ ಕಾಯಿ ಬಿಡುವ ಮರವನ್ನೇ ಕಡಿಯಬೇಕು. ಅಪ್ಪ ತೋಟ ತೋಟಕ್ಕೆ ಹೋಗಿ ಕೇಳಿದ. ಊರಿನಲ್ಲಿ ಅವನ ಮಾತಿಗೆ ಇಲ್ಲ ಎಂದವರಿರಲಿಲ್ಲ, ಈಗ ಎಲ್ಲರೂ ನೆಲ ನೋಡಿದರು.

“ಬೇರೆ ಏನಾರ ಕೇಳು ಸಿದ್ರಾಮಣ್ಣ. ಕೈಲಾಗೋದು ಕೊಡ್ತೀವಿ. ಬಿಡೋ ಮರ ಕೇಳಬ್ಯಾಡ.”

ಅವನು ಯಾರ ಮೇಲೂ ಬೇಸರಪಟ್ಟುಕೊಳ್ಳಲಿಲ್ಲ. ಸಂಜೆ ಬಂದು ನಮ್ಮ ಹಿತ್ತಲ ಬಾವಿಯ ಪಕ್ಕ ಮರವೊಂದರ ಬುಡದಲ್ಲಿ ಕೂತ. ಆ ಮರಕ್ಕೆ ಅವನದೇ ಹೆಸರು. ನಮ್ಮ ಮನೆತನದಲ್ಲಿ ಗಂಡುಮಗು ಹುಟ್ಟಿದರೆ ಒಂದು ತೆಂಗಿನ ಸಸಿ ನೆಡುತ್ತಿದ್ದರು. ಅಪ್ಪ ಹುಟ್ಟಿದಾಗ ಅಜ್ಜಿ ಅದನ್ನು ಬಚ್ಚಲ ನೀರು ಹರಿಯುವ ಕಡೆ ನೆಟ್ಟಿದ್ದಳು. ಅವನು ಸೈನ್ಯದಲ್ಲಿದ್ದ ವರ್ಷಗಳಲ್ಲಿ ಅವಳು ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದುದು ಆ ಮರವನ್ನು. ಸುಳಿ ಹಸಿರಾಗಿದ್ದರೆ ಮಗ ಚೆನ್ನಾಗಿದ್ದಾನೆ. ಯುದ್ಧದ ಸಮಯದಲ್ಲಿ ಸುದ್ದಿ ನಿಂತಾಗ, ಅದರ ಕಾಯಿ ಕೀಳಲು ಯಾರನ್ನೂ ಬಿಟ್ಟಿರಲಿಲ್ಲವಂತೆ. ಕಾಯಿಗಳು ತಾವಾಗಿ ಒಣಗಿ ಉದುರಿದ್ದವಂತೆ. ಮರ ನೇರವಾಗಿ, ಒಂದೂ ಡೊಂಕಿಲ್ಲದೆ, ಮನೆಯ ಸೂರಿನ ಎರಡರಷ್ಟು ಎತ್ತರಕ್ಕೆ ಹೋಗಿತ್ತು.

ಮಾರನೇ ದಿನ ಮಧ್ಯಾಹ್ನ ಮನೆಯಲ್ಲಿ ಒತ್ತು ಶ್ಯಾವಿಗೆ ಮಾಡಿದ್ದರು. ಅಜ್ಜಿ ಕಂಬದ ಬುಡದಲ್ಲಿ ಕೂತು ತುರಿದ ಕಾಯಿಯನ್ನು ಹಿಂಡಿ ಹಾಲು ತೆಗೆಯುತ್ತಿದ್ದಳು. ಅಪ್ಪ ಅವಳೆದುರು ಕೂತ.

“ಅವ್ವ, ನನ್ನ ಮರ ಬೇಕಾಗೈತೆ.”

“ಯಾವುದಕ್ಕೆ?”

“ಇಸ್ಕೂಲಿಗೆ.”

“ನಿನ್ನ ಮರ ಅಂತ ಯಾರಂದ್ರು ನಿಂಗೆ?” ಅಜ್ಜಿ ಹಿಂಡುವುದನ್ನು ನಿಲ್ಲಿಸಲಿಲ್ಲ. “ನೆಟ್ಟಿದ್ದು ನಾನು, ನೀರು ಹುಯ್ದಿದ್ದು ನಾನು. ನೀನು ಹುಟ್ಟಿದ್ದಷ್ಟೇಯ.”

“ಸರಿ, ನಿನ್ನ ಮರನೇ. ಕೊಡು.”

“ಯುದ್ಧದಲ್ಲಿ ಯಾವುದಾದ್ರೂ ಸೂರು ಬಿದ್ದು ಯಾರಾದ್ರೂ ಸತ್ತರೇನ್ಲಾ? ಅದಕ್ಕೇ ಹಿಂಗಾಡ್ತೀಯ ಅಂತಾರೆ ಊರವ್ರು.”

“ಹಂಗೇನೂ ಆಗಿಲ್ಲ ಕಣವ್ವ. ತೊಲೆ ಟೊಳ್ಳು ಐತೆ, ಅಷ್ಟೇಯ.”

ಈಗ ಅಜ್ಜಿಯ ಕೈ ನಿಂತಿತು.

“ಅದನ್ನ ಕಡಿದ ಮ್ಯಾಲೆ ನಿಂಗೇನಾದ್ರೂ ಆದ್ರೆ, ನಾನು ಯಾವ ಬಾಯಲ್ಲಿ ಅಳ್ಲಿ?”

ಅಪ್ಪ ನಗಬಹುದಿತ್ತು. ಅದೆಲ್ಲ ಸುಳ್ಳು ಎನ್ನಬಹುದಿತ್ತು. ಅರವತ್ತೈದರ, ಎಪ್ಪತ್ತೊಂದರ ಎರಡೂ ಯುದ್ಧ ಕಂಡು ಬಂದವನು ತಾಯಿಯ ಭಯಕ್ಕೆ ಕೊಟ್ಟ ಉತ್ತರವನ್ನು ನಾನು ಮರೆತಿಲ್ಲ.

“ಆಗಬೋದು. ಆಗಲ್ಲ ಅಂತ ನಾನು ಹೇಳಲ್ಲ” ಎಂದ. “ಆದ್ರೆ ನನಗೆ ಒಂದು ಮರ ಐತಲ್ಲವ್ವ. ಅಲ್ಲಿ ಕೂರೋ ಮಕ್ಕಳಲ್ಲಿ ಯಾರ್ಗೈತೆ? ಹಳ್ಳದಾಚೆ ಹಟ್ಟಿ ಮಕ್ಕಳಿಗೆ ತೋಟನೇ ಇಲ್ಲ. ಇವಳಿಗೆ ನೆಟ್ಟಿದ್ದೀಯ?”

ಅವನು ಗಲ್ಲದಿಂದ ನನ್ನ ಕಡೆ ತೋರಿಸಿದ. ಹೆಣ್ಣುಮಕ್ಕಳಿಗೆ ನೆಡುವ ರೂಢಿ ಇರಲಿಲ್ಲ. ಹಾಗೊಂದು ಕೊರತೆ ಇದೆ ಎಂದು ಆವರೆಗೆ ನನಗೂ ಅನ್ನಿಸಿರಲಿಲ್ಲ. ಅಜ್ಜಿ ನನ್ನನ್ನು ದೀರ್ಘವಾಗಿ ನೋಡಿದಳು. ಮೊದಲ ಸಲ ಎಣಿಕೆಗೆ ತೆಗೆದುಕೊಂಡವಳ ಹಾಗೆ ನೋಡಿದಳು. ಒಲೆಯ ಮುಂದಿನಿಂದ ಅಮ್ಮನ ದನಿ ಬಂತು.

“ಅವರನ್ನ ಕೇಳಿದ್ರಿ. ನನ್ನೂ ಒಂದು ಮಾತು ಕೇಳಿ.”

“ಕೇಳ್ತಿದ್ದೀನಿ. ಏನಂತೀಯ?”

“ಏನನ್ಲಿ. ನಮ್ಮನ್ನ ಹೆದರಿಸೋದು ನಿಮಗೆ ಹೊಸದಾ? ಕಡೀರಿ.”

ಅಜ್ಜಿ ಕಾಯಿಹಾಲನ್ನು ಶ್ಯಾವಿಗೆಯ ಮೇಲೆ ಸುರಿದು ತಟ್ಟೆಯನ್ನು ಅಪ್ಪನ ಮುಂದೆ ತಳ್ಳಿದಳು.

“ತಿನ್ನು, ಆರೋಗ್ತೈತೆ” ಎಂದಳು. ತಾನು ಅಂದು ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಂಡು ಬಂದು ಮರಕ್ಕೆ ಅರಿಶಿನ ಕುಂಕುಮ ಇಟ್ಟಳು. ಕಾಯಿಗಳನ್ನು ಮೊದಲೇ ಇಳಿಸಿದ್ದರು. ಮೇಲೆ ಹೊಸ ಹೊಂಬಾಳೆ ಬಿರಿದಿತ್ತು. ಚನ್ನಾಚಾರಿ ಕೊಡಲಿ ಎತ್ತಿದಾಗ ಅವನ ಕೈಯಿಂದ ಅದನ್ನು ಕಸಿದುಕೊಂಡಳು.

“ಮೊದಲ ಏಟು ನಂದು. ಏನಾದ್ರೂ ಆದ್ರೆ ನನ್ನ ಮ್ಯಾಲೇ ಬರ್ಲಿ.”

ಹೊಡೆಯುವ ಮೊದಲು ಮರಕ್ಕೆ ಕೈ ತಾಗಿಸಿ ಹೇಳಿದಳು, “ಇಷ್ಟು ವರ್ಷ ಇವನೊಬ್ಬನ್ನ ಕಾದೆ. ಇನ್ಮ್ಯಾಲೆ ಅವರೆಲ್ಲರನ್ನ ಕಾಯಪ್ಪ.”

ಕೊಡಲಿ ಸಿಪ್ಪೆಯಷ್ಟೇ ಹಾರಿಸಿತು. ಉಳಿದದ್ದನ್ನು ಚನ್ನಾಚಾರಿ ಮುಗಿಸಿದ. ಎಂದೂ ಕೈ ಕಟ್ಟಿ ನಿಲ್ಲದ ಅಪ್ಪ ಅಷ್ಟು ಹೊತ್ತೂ ಸುಮ್ಮನೆ ನಿಂತಿದ್ದ. ಮರ ಬಾವಿಯ ಕಡೆ ವಾಲಿ, ಹಗ್ಗ ಹಿಡಿದವರು ಎಳೆದ ಕಡೆಗೆ ತಿರುಗಿ ಬಿತ್ತು. ನೆಲ ನಡುಗಿದ್ದು ನನ್ನ ಅಂಗಾಲಿಗೆ ಗೊತ್ತಾಯಿತು. ಸದ್ದು ಅಡಗುವ ಮೊದಲೇ ಅಜ್ಜಿ ತಿರುಗಿ ಮಗನ ಮುಖ ನೋಡಿದಳು.

ಮರವನ್ನು ಶಾಲೆಗೆ ಸಾಗಿಸುವುದು ಹೇಗೆಂದು ಮಾತಾಡುತ್ತಿದ್ದಾಗ ಚೇರ್ಮನ್ ರಂಗಪ್ಪ ತನ್ನ ಜೋಡೆತ್ತು ಹೊಡೆದುಕೊಂಡು ಹಿತ್ತಲಿಗೆ ಬಂದ. ಅಪ್ಪನ ಮುಖ ನೋಡಲಿಲ್ಲ.

“ನಿಮ್ಮ ಮಿಲ್ಟ್ರಿ ಕೂಲಿಗೆ ಎತ್ತು ಸೇರಿಸ್ಕೊಳ್ತೀರೋ ಇಲ್ಲ, ಮನುಷ್ಯರಷ್ಟೇಯೋ?”

“ನೀರು ಬಿಟ್ಟು ಬೇರೇನೂ ಕೊಡಲ್ಲ” ಎಂದ ಅಪ್ಪ.

“ಎತ್ತುಗಳಿಗೆ ಹೇಳು ಅದನ್ನ.”

ಹಸಿ ಮರ ಭಾರಕ್ಕೆ ಬಾಗುತ್ತದೆ ಎಂದು ಚನ್ನಾಚಾರಿ ಕೊಠಡಿಯ ನಡುವೆ ತೊಲೆಗೆ ಒಂದು ಕಲ್ಲುಕಂಬ ಕೊಟ್ಟ. ಈ ಸಲ ಹೆಂಚು ಹೊದಿಸುವ ಮೊದಲು ಊರಿನ ಪ್ರತಿಯೊಬ್ಬ ಗಂಡಸೂ ಏಣಿ ಹತ್ತಿ ತೊಲೆಯನ್ನು ತಟ್ಟಿ ನೋಡಿ ಇಳಿಯಬೇಕೆಂದು ಅಪ್ಪ ಹೇಳಿದ. ಹತ್ತಿದರು. ಕೊನೆಗೆ ಅಜ್ಜಿಯೂ ಹತ್ತುತ್ತೇನೆಂದಳು. ಎರಡು ಮೆಟ್ಟಿಲು ಹತ್ತಿ, ಕೈ ಎಟುಕದೆ, ಕೋಲೊಂದರಿಂದ ತಟ್ಟಿ ಇಳಿದಳು. ತಾಲ್ಲೂಕಿನ ದೊಡ್ಡವರು ಬರಲು ಗೊತ್ತುಮಾಡಿದ್ದ ದಿನ ಕಳೆದುಹೋಗಿತ್ತು, ಅವರು ಬರಲಿಲ್ಲ. ಶಾಲೆ ತೆರೆದ ದಿನ ನಾವು ಮಕ್ಕಳೇ ಬಾಗಿಲು ತಳ್ಳಿಕೊಂಡು ಒಳಗೆ ಹೋದೆವು. ಆ ತಿಂಗಳು ಮುಗಿಯುವ ಮುನ್ನ ಎರಡನೇ ಮೇಷ್ಟರಾಗಿ ಒಬ್ಬರು ಮೇಡಂ ಬಂದರು. ಮೊದಲ ವರ್ಷ ಪೂರ್ತಿ ನಾವು ಕಲ್ಲುಕಂಬದ ಸುತ್ತ ಕೂತು ಓದಿದೆವು. ತೊಲೆ ಆರಿದ ಮೇಲೆ ಕಂಬ ತೆಗೆದರು. ಕೊಠಡಿ ಇದ್ದಕ್ಕಿದ್ದಂತೆ ದೊಡ್ಡದಾಗಿ ಕಂಡಿತು.

ಮರ ಕಡಿದಂದಿನಿಂದ ಅಪ್ಪ ಕೆಮ್ಮಿದರೆ ಅಜ್ಜಿ ಕೈಯಲ್ಲಿದ್ದ ಕೆಲಸ ಬಿಟ್ಟು ಪಡಸಾಲೆಗೆ ಬರುತ್ತಿದ್ದಳು. ಅವನು ತಿಪಟೂರಿನ ಸಂತೆಗೆ ಹೋದರೆ ಬಸ್ಸಿನ ಸದ್ದು ಕೇಳುವವರೆಗೆ ಜಗಲಿ ಬಿಡುತ್ತಿರಲಿಲ್ಲ. ಅವನು ಅದನ್ನು ಗಮನಿಸಿ, ಮನೆಗೆ ಬಂದೊಡನೆ ಮೊದಲು ಅವಳ ಮುಂದೆ ಒಂದು ಗಳಿಗೆ ನಿಂತು, ಆಮೇಲೆ ಕಾಲು ತೊಳೆಯಲು ಹೋಗುವ ಅಭ್ಯಾಸ ಮಾಡಿಕೊಂಡ. ಅದೇ ವರ್ಷದ ಮುಂಗಾರಿನಲ್ಲಿ ಅಜ್ಜಿ ಹಿತ್ತಲ ಬಾವಿಯ ಪಕ್ಕ ಒಂದು ಸಸಿ ನೆಟ್ಟಳು. ಯಾರದು ಎಂದು ಯಾರೂ ಕೇಳಲಿಲ್ಲ. ನೀರು ಹಾಕುವ ಕೆಲಸವನ್ನು ನನಗೆ ಹೇಳಿದಳು.

ಅಜ್ಜಿ 1986ರಲ್ಲಿ ತೀರಿಕೊಂಡಳು. ಅಪ್ಪ ಅವಳ ನಂತರ ಇಪ್ಪತ್ತಮೂರು ವರ್ಷ ಬದುಕಿದ. ಕೊನೆಯ ಎರಡು ವರ್ಷ ಬಿಟ್ಟರೆ ಭಾನುವಾರದ ಕೆಲಸ ತಪ್ಪಿಸಲಿಲ್ಲ. ಶಾಲೆಗೆ ಸಿಮೆಂಟಿನ ಕಟ್ಟಡ ಬಂದಾಗ ಹಳೆಯ ಕೊಠಡಿಯನ್ನು ಕೆಡವಿದರು. ನಡುತೊಲೆಯನ್ನು ಸೀಳಲು ಹೋದವರ ಗರಗಸದ ಹಲ್ಲು ಮುರಿದವು. ಅದನ್ನು ಹಾಗೆಯೇ ಒಯ್ದು, ಊರಿಗೂ ಹಟ್ಟಿಗೂ ನಡುವೆ ಹರಿಯುವ ಹಳ್ಳಕ್ಕೆ ಅಡ್ಡ ಹಾಕಿದ್ದಾರೆ. ಮಳೆಗಾಲದಲ್ಲಿ ಹಟ್ಟಿಯ ಮಕ್ಕಳು ಅದರ ಮೇಲೆ ನಡೆದು ಶಾಲೆಗೆ ಬರುತ್ತಾರೆ.